ಹಾವಿನ ಹೆರಳಿನವಳ ಗುನ್ಹೆ

ಈ ಸಭೆಯ ಅಧ್ಯಕ್ಷ ಸ್ಥಾನವನ್ನೂ ಇಲ್ಲಿರುವ ಒಂದೇ ಒಂದು ಗಾದಿ ಕುರ್ಚಿಯನ್ನೂ ಅಲಂಕರಿಸಿರುವ, ನಮ್ಮ ಸಾಲೆಗೆ ಹೆಂಚು ಹೊದಿಸಿದ ದಾನಿಗಳಾದ ಉಮಾಪತಿ ಸಾಹುಕಾರರೇ; ನಾವು ಆಡಿದ ಮಾತನ್ನು ನಮಗಿಂತ ಚೆನ್ನಾಗಿ ನೆನಪಿಡಲು ಸರಕಾರದ ವತಿಯಿಂದ ದಯಮಾಡಿಸಿರುವ ಪೊಲೀಸ್ ಠಾಣೆಯ ಅಮೀನ ಮೆಹಬೂಬಸಾಬ ಅವರೇ; ಕಮಿಟಿಯ ಸದಸ್ಯರೇ; ಇವತ್ತು ಶಾಲು ಹೊದೆಯಲಿರುವ ತೊಗಲುಗೊಂಬೆ ಮೇಳದ ಹುಲಿಗೆಪ್ಪ ಮತ್ತು ಆತನ ಪತ್ನಿ ಸಣ್ಣವ್ವ ಅವರೇ; ತಾವರಗೇರಾದ ಹಿರಿಯರೇ; ಎಡಗಡೆ ಕುಳಿತಿರುವ, ಇವತ್ತಾದರೂ ಕುಳಿತೇ ಇರುವಿರೆಂದು ನಾನು ನಂಬಿರುವ ತಾಯಂದಿರೇ, ಸಮಸ್ತ ಸಭಿಕರೇ,

ನಾನು ಕರಿಬಸಪ್ಪ. ಕುಷ್ಟಗಿಯ ಮುನ್ಸಿಫ್ ಕೋರ್ಟಿನಲ್ಲಿ ವಕೀಲ, ಊರಿನಲ್ಲಿ ಈ ಹೆಣ್ಣುಮಕ್ಕಳ ಕನ್ನಡ ಸಾಲೆಯ ಕಮಿಟಿಗೆ ಸೆಕ್ರೆಟರಿ. ಮೊದಲನೆಯದರಿಂದ ಹೊಟ್ಟೆ ತುಂಬುತ್ತದೆ, ಎರಡನೆಯದರಿಂದ ಕಿವಿ ತುಂಬುತ್ತದೆ. ಇದು ನಮ್ಮ ಸಾಲೆಯ ವಾರ್ಷಿಕೋತ್ಸವದ ಎರಡನೆಯ ಭಾಗ. ಮೊದಲನೆಯ ಭಾಗ ಹೋದ ವಾರ ನಡೆಯಿತು. ನಡೆಯಿತು ಅನ್ನುವುದಕ್ಕಿಂತ, ನಡೆಯುತ್ತಾ ನಡೆಯುತ್ತಾ ನಿಂತಿತು. ಅರ್ಧಕ್ಕೆ ನಿಂತ ಗೊಂಬೆಯಾಟವನ್ನು ಇವತ್ತು ಮುಗಿಸಬೇಕಾಗಿದೆ. ಅದಕ್ಕೂ ಮೊದಲು ನಮ್ಮಲ್ಲಿ ಪಾಠ ಹೇಳುತ್ತಿದ್ದ ಶಿವಬಸಮ್ಮ ಅಕ್ಕೋರು ಮರಳಿ ಸಾಲೆಗೆ ಬರುತ್ತಾರೋ ಇಲ್ಲವೋ ಎಂಬ ಕಮಿಟಿಯ ಠರಾವನ್ನು ನಾನು ಇಲ್ಲಿ ಓದಬೇಕಾಗಿದೆ. ಠರಾವು ನನ್ನ ಕೋಟಿನ ಕಿಸೆಯಲ್ಲಿದೆ. ಅವಸರವಿಲ್ಲ, ಓದುತ್ತೇನೆ.

ಮೊದಲು ಕಲೆಯ ಬಗ್ಗೆ ಎರಡು ಮಾತು. ನಮ್ಮ ದೇಶದಲ್ಲಿ ಪುರಾಣಗಳಿಗೆ ಕೊರತೆ ಇದೆಯೇ? ಇಲ್ಲ. ಶೂರರಿಗೆ ಕೊರತೆ ಇದೆಯೇ? ಕಥೆಯಲ್ಲಂತೂ ಇಲ್ಲ. ಹಾಗಿದ್ದರೆ ತಾವರಗೇರಾದ ಸಾಲೆಯ ಅಂಗಳದಲ್ಲಿ ಗ್ರೀಕ್ ದೇಶದ ಕಥೆ ಏಕೆ ಬಂತು? ಹಿಂದಿನ ವರ್ಷ ನಮ್ಮ ಪುರಾಣದ ಆಟಕ್ಕೆ ಅಪ್ಪಣೆ ಕೇಳಲು ನಾನು ಕಚೇರಿಗೆ ಹೋಗಿದ್ದೆ. ಅಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು: "ವಕೀಲ ಸಾಬ್, ಈ ರಾಕ್ಷಸ ಅಂದ್ರ ಯಾರು? ಸರಕಾರ ಏನು?" ನಾನು, "ಇಲ್ರಿ, ರಾಕ್ಷಸ ಅಂದ್ರ ರಾಕ್ಷಸನ" ಅಂದೆ. "ಹಂಗಾದ್ರ ಅದಕ್ಕ ಸಾಕ್ಷಿ ತರ್ರಿ" ಅಂದರು. ರಾಕ್ಷಸನ ಪರವಾಗಿ ಸಾಕ್ಷಿ ಹೇಳಲು ಯಾರು ಬರುತ್ತಾರೆ? ಆಟ ಆಗಲಿಲ್ಲ.

ಈ ವರ್ಷ ನಾನು ಬುದ್ಧಿ ಓಡಿಸಿದೆ. ದೂರದ ದೇಶದ ಕಥೆಯಾದರೆ ಯಾರ ಮೈಗೂ ತಾಗುವುದಿಲ್ಲ ಎಂಬುದು ನನ್ನ ವಾದ. ನಮ್ಮ ಅಮೀನ ಸಾಹೇಬರು, ಇಲ್ಲೇ ಇದ್ದಾರೆ, ಅರ್ಜಿ ನೋಡಿ ಒಂದೇ ಮಾತು ಕೇಳಿದರು: "ಆ ಗ್ರೀಕ್ ಮುಲುಕಿನ್ಯಾಗ ನಮ್ಮ ನಿಜಾಮ ಸರಕಾರದ ಹುಕುಮತ್ ಐತೇನ್ರಿ?" "ಇಲ್ರಿ." "ತಾವರಗೇರಾದವರು ಯಾರರ ಅಲ್ಲಿ ಅದಾರೇನ್ರಿ?" "ಯಾರೂ ಇಲ್ರಿ." "ಹಂಗಾದ್ರ ಆಡ್ರಿ, ಯಾರಿಗೇನು ತ್ರಾಸು?" ಯಾರಿಗೇನು ತ್ರಾಸು! ಅಮೀನ ಸಾಹೇಬರೇ, ಆ ನಿಮ್ಮ ಮಾತನ್ನು ನಾನು ಈ ವಾರವಿಡೀ ನೆನೆಸಿಕೊಂಡಿದ್ದೇನೆ.

ಆ ಕಥೆ ನನಗೆ ಸಿಕ್ಕದ್ದು ಶಿವಬಸಮ್ಮ ಅಕ್ಕೋರಿಂದ. ಅವರು ಧಾರವಾಡದಲ್ಲಿ ಕಲಿತು ಬಂದವರು. ಬರುವಾಗ ಗ್ರೀಕ್ ಕಥೆಗಳ ಚಿತ್ರಗಳಿದ್ದ ಒಂದು ಇಂಗ್ಲಿಷ್ ಪುಸ್ತಕ ತಂದಿದ್ದರು. ಮಧ್ಯಾಹ್ನ ಮಕ್ಕಳಿಗೆ ನಿದ್ದೆ ಬರುವ ಹೊತ್ತಿಗೆ ಅದರೊಳಗಿನ ಕಥೆ ಹೇಳುತ್ತಿದ್ದರು. ರಾಜಕೀಯ ಏನಾದರೂ ನುಸುಳುತ್ತದೆಯೋ ಎಂದು ಪರೀಕ್ಷಿಸಲು ನಾನು ಸೆಕ್ರೆಟರಿಯಾಗಿ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದೆ. ಪರೀಕ್ಷೆಯಲ್ಲಿ ಮುಳುಗಿ ಕೋರ್ಟಿನ ಕೆಲಸಕ್ಕೆ ತಡವಾದದ್ದೂ ಉಂಟು.

ಕಥೆ ಇಷ್ಟು. ಮೆಡೂಸಾ ಎಂಬ ಹೆಂಗಸು. ಆಕೆಯ ತಲೆಯಲ್ಲಿ ಕೂದಲಿಗೆ ಬದಲು ಹಾವುಗಳು. ಆಕೆಯ ಮುಖ ನೋಡಿದವರು ಕಲ್ಲಾಗುತ್ತಾರೆ. ಪರ್ಸಿಯಸ್ ಎಂಬ ಶೂರ ಆಕೆಯನ್ನು ನೇರವಾಗಿ ನೋಡದೆ, ಥಳಥಳ ಬೆಳಗಿದ ಢಾಲಿನಲ್ಲಿ, ಅಂದರೆ ಗುರಾಣಿಯಲ್ಲಿ, ಆಕೆಯ ಪ್ರತಿಬಿಂಬ ನೋಡುತ್ತಾ ಹತ್ತಿರ ಹೋಗಿ ತಲೆ ಕಡಿಯುತ್ತಾನೆ. ಆ ರಕ್ತದಿಂದ ರೆಕ್ಕೆಯ ಕುದುರೆಯೊಂದು ಹುಟ್ಟಿ ಆಕಾಶಕ್ಕೆ ಹಾರುತ್ತದೆ. ಶೂರನಿದ್ದಾನೆ, ಕೆಟ್ಟವಳಿದ್ದಾಳೆ, ಕುದುರೆಯಿದೆ. ಮಕ್ಕಳಿಗೆ ಇನ್ನೇನು ಬೇಕು?

ಅದೇ ಕಾಲಕ್ಕೆ ನಾನು ಗದಗಿಗೆ ಹೋಗಿದ್ದೆ. ಅಲ್ಲಿಯ ಟಾಕೀಜಿನಲ್ಲಿ ಬರೆದ ಚಿತ್ರಗಳೇ ಎದ್ದು ಕುಣಿಯುವ ಸಿನಿಮಾ ತೋರಿಸಿದರು. ಬರೆದ ಕುದುರೆ ಓಡಿತು, ಬರೆದ ಮೋಡ ಅತ್ತಿತು. ನಾನು ಮನಸ್ಸಿನಲ್ಲಿ, ನಮ್ಮ ಊರಿನಲ್ಲೂ ಇದಾಗಬೇಕು ಅಂದುಕೊಂಡೆ. ಹುಲಿಗೆಪ್ಪನನ್ನು ಕರೆಸಿ ಆ ಸಿನಿಮಾದ ಬಣ್ಣನೆ ಮಾಡಿದೆ. ಅವನು ಮೂಗು ಮುರಿದು, "ಬರೆದದ್ದು ಕುಣದ್ರ ಅದೇನ್ ದೊಡ್ಡ ಮಾತ್ರೀ? ನಮ್ಮಜ್ಜ, ಅವರಜ್ಜ, ತೊಗಲಿನ್ಯಾಗ ಬರೆದು ಕುಣಿಸ್ಯಾರ. ನಿಮ್ಮ ಗದಗಿನವರು ಈಗ ಎದ್ದಾರ" ಅಂದ. ಗ್ರೀಕ್ ಕಥೆ ಮಾಡುವುದಾಗುತ್ತದೆಯೇ ಎಂದರೆ, "ತೊಗಲಿಗೆ ದೇಶ ಇಲ್ರಿ. ಆಡು ಎಲ್ಲಿ ಹುಟ್ಟಿದ್ರೂ ಆಡ" ಅಂದ. ಈ ಮನುಷ್ಯನಿಗೆ ವಿನಯ ಕಡಿಮೆ. ಶಾಲು ಹೊದೆಸುವ ದಿನವೂ ಸತ್ಯ ಹೇಳಬೇಕಾಗುತ್ತದೆ.

ಈ ನಡುವೆ ಸಾಲೆಯಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ನಿಮಗೆಲ್ಲ ಗೊತ್ತಿದ್ದದ್ದೇ, ಆದರೂ ಅಮೀನರ ಸಲುವಾಗಿ ಹೇಳುತ್ತೇನೆ. ನಮ್ಮ ಅಧ್ಯಕ್ಷರ ತಮ್ಮ ಹಂಪಣ್ಣನವರು, ಅಣ್ಣ ಹೊದಿಸಿದ ಹೆಂಚು ಸೋರುತ್ತದೆಯೋ ಎಂದು ನೋಡಲು ಸಾಲೆಗೆ ಬರುತ್ತಿದ್ದರು. ಕಡುಬೇಸಿಗೆಯಲ್ಲಿ ಬರುತ್ತಿದ್ದರು. ಒಂದು ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಅವರ ಕೈ ಹೋಗಿ ಅಕ್ಕೋರ ಕೈಯನ್ನು ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಅಕ್ಕೋರ ಇನ್ನೊಂದು ಕೈಯಲ್ಲಿ ಗಂಟೆ ಬಾರಿಸುವ ಕೊಡತಿ ಇತ್ತು. ಅದು ಹಂಪಣ್ಣನವರ ಮೊಣಕೈಗೆ ತಾಗಿತು.

ಕಮಿಟಿ ತುರ್ತಾಗಿ ಸೇರಿತು. ಸಾಲೆಯ ಮರ್ಯಾದೆಯ ಪ್ರಶ್ನೆ! ಬಹಳ ಹೊತ್ತು ಚರ್ಚೆಯಾಗಿ, ಹಂಪಣ್ಣನವರ ಮೊಣಕೈಗೆ ಬೇವಿನೆಣ್ಣೆ ಹಚ್ಚಬೇಕೆಂದೂ, ಅಕ್ಕೋರು ಸದ್ಯಕ್ಕೆ ಮನೆಯಲ್ಲಿರಬೇಕೆಂದೂ ತೀರ್ಮಾನವಾಯಿತು. ಅಕ್ಕೋರು ಇಲ್ಲದ ಮೇಲೆ ಸಾಲೆಗೆ ಬೀಗ ಬಿತ್ತು. ಹುಡುಗಿಯರು ಪಾಟಿ ಮೂಲೆಗಿಟ್ಟು ಕುರಿ ಕಾಯಲು ಹೋದರು. ಆದರೆ ವಾರ್ಷಿಕೋತ್ಸವ ಮೊದಲೇ ಗೊತ್ತಾಗಿತ್ತಲ್ಲ? ಸಾಲೆ ಮುಚ್ಚಿದರೂ ಸಾಲೆಯ ಉತ್ಸವ ಬಿಡಬಾರದು ಎಂದು ನಾನು ಹಟ ಹಿಡಿದೆ.

ಇನ್ನು ಹೋದ ವಾರದ ಆಟದ ಮಾತು. ಯುದ್ಧದ ಕಾಲ, ಸೀಮೆಎಣ್ಣೆ ಸಿಗುವುದಿಲ್ಲ. ಔಡಲೆಣ್ಣೆಯ ದೀಪ ಹಚ್ಚಿದೆವು. ಪರದೆಯ ಹಿಂದೆ ಹುಲಿಗೆಪ್ಪ ಗೊಂಬೆ ಹಿಡಿದ, ಸಣ್ಣವ್ವ ಹಾಡಿದಳು. ಮೆಡೂಸಾ ಬಂದಳು. ಆಹಾ, ಏನು ಕೆತ್ತನೆ! ತಲೆಯ ತುಂಬ ಹೆಡೆ ಎತ್ತಿದ ಹಾವು, ಒಂದೊಂದೂ ಬೇರೆ ಬೇರೆ ಆಡುತ್ತಿತ್ತು. ಜನ ಅಂಜುತ್ತಾರೆ ಎಂದು ನಾನು ಕಾದೆ. ಎಡಗಡೆಯ ತಾಯಂದಿರು ಏನು ಮಾಡಿದರು? ಕೈ ಮುಗಿದರು! ಹೆಡೆ ಕಂಡರೆ ಹಾಲೆರೆಯುವ ಊರು ನಮ್ಮದು. ತಲೆಯ ಮೇಲೆ ಅಷ್ಟೊಂದು ನಾಗಪ್ಪ ಇರುವವಳು ಕೆಟ್ಟವಳಾಗಲು ಹೇಗೆ ಸಾಧ್ಯ? ಯಾರೋ, "ಮೆಡೂಸವ್ವ, ತಾಯಿ, ಕಾಪಾಡವ್ವ" ಅಂದರು. ನಾನು ಎದ್ದು, "ಕೈ ಮುಗೀಬ್ಯಾಡ್ರಿ, ಆಕಿ ಕೆಟ್ಟಾಕಿ, ಆಕಿನ್ನ ನೋಡಿದ್ರ ಕಲ್ಲಾಗ್ತೀರಿ" ಎಂದು ಕೂಗಿದೆ. ಪರದೆಯ ಹಿಂದಿನಿಂದ ಸಣ್ಣವ್ವ ಹಾಡು ಬಿಟ್ಟು ಅಂದಳು: "ಕಲ್ಲಾದ್ರ ಏನಾತ್ರಿ ವಕೀಲ್ರ? ಈ ಊರಾಗ ಕಲ್ಲಿಗಿ ಇರೋ ಮರ್ಯಾದಿ ಹೆಂಗಸರಿಗಿ ಐತೇನು?" ಜನ ನಕ್ಕರು. ನಾನೂ ನಕ್ಕೆ, ಸೆಕ್ರೆಟರಿ ನಗದಿದ್ದರೆ ಚೆನ್ನಾಗಿ ಕಾಣುವುದಿಲ್ಲ.

ಆಮೇಲೆ ಪರ್ಸಿಯಸ್ ಬಂದ, ಢಾಲು ಹಿಡಿದ, ಕತ್ತಿ ಎತ್ತಿದ. ಆಗ ಎಡಗಡೆಯಿಂದ ಒಬ್ಬರು ಎದ್ದು ನಿಂತರು. ಯಾರೆಂದರೆ ನಮ್ಮ ಮನೆಯವರು. ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅವರು ನಾಲ್ಕು ಜನರ ಮುಂದೆ ದನಿ ಎತ್ತಿದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿರಲಿಲ್ಲ. "ನಿಂದ್ರಿಸ್ರಿ ಆಟಾ! ಕಡಿಯಾಕ ಆಕಿ ಮಾಡಿದ್ದರ ಏನು?" ಅಂದರು. ಅವರ ಹಿಂದೆ ಎಲ್ಲ ತಾಯಂದಿರೂ ಎದ್ದರು. ಹುಲಿಗೆಪ್ಪನ ಕತ್ತಿ ಪರದೆಯ ಮೇಲೆ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಸಣ್ಣವ್ವ ಪರದೆಯ ಅಂಚಿನಿಂದ ಮುಖ ಹೊರಗೆ ಹಾಕಿ ಅಂದಳು: "ಖರೇ ಕೇಳ್ಯಾರ. ವಕೀಲ್ರ, ಆಕಿ ಗುನ್ಹೆ ಹೇಳ್ರಿ. ಹೇಳಿದ್ರ ಕಡಿತೀವಿ."

ನನಗೆ ಉತ್ಸಾಹ ಬಂತು. ಗುನ್ಹೆ ಹೇಳುವುದು ನನ್ನ ಕಸುಬು. ಕುಷ್ಟಗಿ ಕೋರ್ಟಿನಲ್ಲಿ ಹೊಲದ ಬದುವಿನ ಮೇಲೆ ಸುಮ್ಮನೆ ಕುಳಿತವನ ಮೇಲೂ ನಾನು ಗುನ್ಹೆ ಹೊರಿಸಿದ್ದೇನೆ, ಅವನು ಒಪ್ಪಿಕೊಂಡಿದ್ದಾನೆ. ಎದ್ದು ನಿಂತು ಪುಸ್ತಕದಲ್ಲಿದ್ದ ಹಿಂದಿನ ಕಥೆ ಹೇಳಿದೆ. ಈ ಮೆಡೂಸಾ ಮೊದಲು ಎಲ್ಲರಂಥ ಹುಡುಗಿ. ಒಳ್ಳೆಯ ಕೂದಲು. ಬುದ್ಧಿಯ ದೇವಿಯ ಗುಡಿಗೆ ನಡೆದುಕೊಳ್ಳುತ್ತಿದ್ದಳು. ಸಮುದ್ರದ ದೇವರು ಗುಡಿಯೊಳಗೇ ಬಂದು ಆಕೆಯ ಕೈ ಹಿಡಿದ. ದೇವಿಗೆ ಸಿಟ್ಟು ಬಂತು. ಆದರೆ ಸಮುದ್ರದ ದೇವರು ದೊಡ್ಡವನು, ಬೇಕಾದವನು, ಅವನ ನೀರಿಲ್ಲದೆ ಊರು ನಡೆಯುವುದಿಲ್ಲ. ಗುಡಿಯ ಮರ್ಯಾದೆಯನ್ನಂತೂ ಕಾಪಾಡಬೇಕಲ್ಲ? ಅದಕ್ಕೆ ದೇವಿ ಬಹಳ ಹೊತ್ತು ವಿಚಾರ ಮಾಡಿ, ಆ ಹುಡುಗಿಯ ಕೂದಲನ್ನು ಹಾವು ಮಾಡಿ, ಯಾರೂ ಇಲ್ಲದ ನಡುಗಡ್ಡೆಗೆ ಅಟ್ಟಿದಳು.

ಸಭಿಕರೇ, ನಾನು ಗ್ರೀಕ್ ದೇವಿಯ ಪರವಾಗಿ ವಾದಿಸುತ್ತಿದ್ದೆ. ನೀವೆಲ್ಲ ನನ್ನ ಮುಖವನ್ನೇಕೆ ನೋಡಿದಿರಿ? ಸಾಹುಕಾರರು ಕೆಮ್ಮಿದ್ದೇಕೆ? ಹಂಪಣ್ಣನವರು ಮೊಣಕೈ ಹಿಡಿದುಕೊಂಡು ಎದ್ದು ಹೋದದ್ದೇಕೆ? ನಮ್ಮ ಮನೆಯವರು ಮತ್ತೆ ಕೇಳಿದರು: "ಕೈ ಹಿಡಿದಾವನ ಗೊಂಬಿ ಎಲ್ಲೈತಿ? ಆಟದಾಗ ಅವನ್ನ ಯಾಕ ತಂದಿಲ್ಲ?" ತೊಗಲಿನ ಉಳಿತಾಯಕ್ಕಾಗಿ ನಾನೇ ಬೇಡ ಅಂದಿದ್ದೆ. ಹಾಗೆಂದೆ. ಆಟ ಅಲ್ಲಿಗೆ ನಿಂತಿತು.

ನಿಂತರೆ ನಿಂತಿತು, ಗಂಟು ಕಟ್ಟಿಕೊಂಡು ಹೋಗಿ ಎಂದರೆ ಹುಲಿಗೆಪ್ಪ ಹೋಗಲೊಲ್ಲ. ಹಚ್ಚಿದ ಆಟ ಮುಗಿಯದೆ ಪರದೆ ಬಿಚ್ಚಬಾರದು ಎಂಬುದು ಅವರ ಮನೆತನದ ಕಟ್ಟಳೆಯಂತೆ. ಹೋದ ವಾರದಿಂದ ಪರದೆ ಸಾಲೆಯ ಅಂಗಳದಲ್ಲಿದೆ, ಹುಲಿಗೆಪ್ಪನ ಸಂಸಾರ ಸಾಲೆಯ ಪಡಸಾಲೆಯಲ್ಲಿದೆ, ಅವನ ಆಡುಗಳು ಒಳಗಿವೆ. ಬೀಗ ಬಿದ್ದಿದ್ದ ಸಾಲೆಯಲ್ಲಿ ಈಗ ಹಾಜರಿ ಚೆನ್ನಾಗಿದೆ. ಊಟ ಕಮಿಟಿಯದು.

ಇನ್ನೊಂದು ಕಟ್ಟಳೆಯೂ ಇದೆ. ಒಳ್ಳೆಯವರ ಗೊಂಬೆಗಳನ್ನೂ ಕೆಟ್ಟವರ ಗೊಂಬೆಗಳನ್ನೂ ಇವರು ಒಂದೇ ಗಂಟಿನಲ್ಲಿ ಕಟ್ಟುವುದಿಲ್ಲ. ರಾತ್ರಿ ಗಂಟಿನೊಳಗೇ ಜಗಳ ಬೀಳುತ್ತವೆಯಂತೆ. ಮೆಡೂಸಾಳನ್ನು ಕೆಟ್ಟವರ ಗಂಟಿಗೆ ಹಾಕಬೇಕೆಂದು ನಾನು ಮೊದಲೇ ಹೇಳಿದ್ದೆ. ನಿನ್ನೆ ನೋಡಿದರೆ ಆಕೆ ಒಳ್ಳೆಯವರ ಗಂಟಿನಲ್ಲಿ ಎಲ್ಲರಿಗಿಂತ ಮೇಲಿದ್ದಾಳೆ, ಹಣೆಗೆ ಕುಂಕುಮ ಬೇರೆ. ಹುಲಿಗೆಪ್ಪ ಈ ವಾರ ಖಾಲಿ ಕೂಡಲಿಲ್ಲ. ಎರಡು ಹೊಸ ಗೊಂಬೆ ಕೆತ್ತಿದ್ದಾನೆ. ಒಂದು ಸಮುದ್ರದ ದೇವರು: ಜರಿ ರುಮಾಲು, ಊದಿಕೊಂಡ ಮೊಣಕೈ. ಅದು ಯಾರನ್ನೂ ಹೋಲುವುದಿಲ್ಲ ಎಂದು ಅಮೀನರ ಮುಂದೆ ನಾನು ಬೇಕಾದರೆ ಮುಚ್ಚಳಿಕೆ ಬರೆದುಕೊಡುತ್ತೇನೆ. ಇನ್ನೊಂದು ಬುದ್ಧಿಯ ದೇವಿ. ದೇವಿಗೆ ಕರಿ ಕೋಟು ಏಕೆ ಹಾಕಿದ್ದಾನೋ ನನಗೆ ತಿಳಿಯಲಿಲ್ಲ. ಕೋಟಿನ ಗುಂಡಿ ಒಂದು ಇಲ್ಲ. ನನ್ನ ಕೋಟಿಗೂ ಒಂದು ಗುಂಡಿ ಇಲ್ಲ ಎಂಬುದು ಕಾಕತಾಳೀಯ. ನಾನು ಸಹಜವಾಗಿ, "ಸಣ್ಣವ್ವಾ, ಇದು ಯಾವ ಗಂಟಿಗೆ?" ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇನ್ನಾ ಕಟ್ಟಿಲ್ರಿ. ನಾಳೆ ನಿಮ್ಮ ಭಾಷಣ ಮುಗೀಲಿ" ಅಂದಳು.

ಮನೆಯ ಮಾತು ಸಭೆಯಲ್ಲಿ ಆಡಬಾರದು. ಆದರೂ ಬಾಯಿಗೆ ಬಂತು, ಹೇಳಿಬಿಡುತ್ತೇನೆ. ಆಟ ನಿಂತ ರಾತ್ರಿಯಿಂದ ನಮ್ಮ ಮನೆಯವರು ನನ್ನ ಮುಖ ನೋಡಿಲ್ಲ. ರೊಟ್ಟಿ ಬಡಿಯುತ್ತಾರೆ, ಬಡಿಸುತ್ತಾರೆ, ಮುಖ ಗೋಡೆಯ ಕಡೆಗೆ. "ಏನಾಯಿತು?" ಅಂದರೆ, "ಆ ಹೆಣ್ಣುಮಗಳ ಗುನ್ಹೆ ಹೇಳ್ರಿ, ಆಮ್ಯಾಲ ನೋಡ್ತೀನಿ" ಅನ್ನುತ್ತಾರೆ. ನನ್ನ ಹೆಂಡತಿಯ ಮುಖವನ್ನು ನಾನು ಊಟದ ಕಂಚಿನ ತಾಟಿನಲ್ಲಿ ನೋಡುವ ಗತಿ ಬಂದಿದೆ. ಬೇಳೆ ಬಡಿಸಿದ ಮೇಲೆ ಅದೂ ಇಲ್ಲ. ನಗಬೇಡಿರಿ. ಮನೆ ಬಿಕೋ ಅನ್ನುತ್ತದೆ.

ಅಕ್ಕೋರ ಕಡೆಗೂ ಹೋಗಿದ್ದೆ. ಕಮಿಟಿ ತೆಗೆದುಹಾಕುವುದಕ್ಕಿಂತ ಅವರೇ ಖುಷಿಯಿಂದ ಬಿಟ್ಟರೆ ಮರ್ಯಾದೆ ಎಂದು ತಿಳಿಸಿ ಹೇಳಿದೆ. ಅವರು ಅಳಲಿಲ್ಲ, ಜಗಳವಾಡಲಿಲ್ಲ. "ಬರಕೊಡ್ತೀನ್ರಿ. ಆದ್ರ ಇಲ್ಲಿಂದ ಹೋದ್ರ ಇನ್ನೊಂದು ಸಾಲ್ಯಾಗ, ಯಾಕ ಬಿಟ್ಟಿ ಅಂತ ಕೇಳ್ತಾರ. ಕಾರಣ ನೀವ ಹೇಳ್ರಿ, ನೀವು ಹೇಳಿದ್ದ ಬರೀತೀನಿ" ಅಂದರು. ಕೊಡತಿ ಅವರ ಮನೆಯ ಗೋಡೆಗೂಡಿನಲ್ಲಿತ್ತು. ನಾನು, ವಿಚಾರ ಮಾಡಿ ಹೇಳುತ್ತೇನೆ ಎಂದು ಬಂದೆ.

ಇನ್ನೊಂದು ಕಡೆ ನಮ್ಮ ಸಾಹುಕಾರರು. ಅವರ ಮಾತು ಸ್ಪಷ್ಟ. "ವಕೀಲ್ರ, ಆಕಿ ತಿರುಗಿ ಬಂದ್ರ ನನ್ನ ಹೆಂಚು ನಾ ಇಳಿಸ್ಕೊಂಡು ಹೋಗ್ತೀನಿ." ಹೆಂಚಿಲ್ಲದ ಸಾಲೆ ಸಾಲೆಯೇ? ಅದಕ್ಕೇ ಈ ಠರಾವು. ಓದುತ್ತೇನೆ: 'ಶಿವಬಸಮ್ಮ ಇವರು ಮುಂದೆ ಕಾಣಿಸಿದ ಗುನ್ಹೆಯ ಕಾರಣದಿಂದ...' ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ಸಭೆಯಲ್ಲಿ ಮಾತನಾಡುವಾಗ ತಾನಾಗಿಯೇ ಹೊಳೆಯುತ್ತದೆ ಎಂದು ಬಿಟ್ಟದ್ದು. ನನಗೆ ಯಾವಾಗಲೂ ಹಾಗೆಯೇ ಹೊಳೆಯುವುದು. ಆ ಗುನ್ಹೆ ಹೇಳಿದರೆ ಠರಾವೂ ಪೂರ್ತಿ, ಅಲ್ಲಿ ಹುಲಿಗೆಪ್ಪನ ಕತ್ತಿಯೂ ಇಳಿಯುತ್ತದೆ, ಎಲ್ಲರೂ ಮನೆಗೆ ಹೋಗಬಹುದು.

ಸರಿ. ಆಕೆಯ ಗುನ್ಹೆ ಏನೆಂದರೆ, ಸಾಲೆಯಲ್ಲಿ ಒಬ್ಬಳೇ ಇದ್ದಳು. ಆದರೆ ಸಾಲೆಯ ಬೀಗ ಹಾಕುವ ಕೆಲಸ ಆಕೆಯದೆಂದು ನಾನೇ ಹೇಳಿದ್ದೆ. ಬೇಡ. ಆಕೆಯ ಗುನ್ಹೆ ಏನೆಂದರೆ, ಕೈ ಎತ್ತಿದಳು. ಎತ್ತಿದ್ದು ಒಂದು ಕೈ. ಇನ್ನೊಂದನ್ನು ಎತ್ತಲು ಬರುವಂತಿರಲಿಲ್ಲ, ಅದನ್ನು ಹಿಡಿದಿದ್ದರು. ಕೋರ್ಟಿನಲ್ಲಿ ಎದುರಿನ ವಕೀಲ ಇದನ್ನೇ ಕೇಳುತ್ತಾನೆ. ಇದೂ ನಿಲ್ಲುವುದಿಲ್ಲ. ಆಕೆಯ ಗುನ್ಹೆ...

ಸ್ವಲ್ಪ ನೀರು ಕೊಡಿರಿ.

ಸಾಹುಕಾರರೇ, ನೀವು ಅಧ್ಯಕ್ಷರು. ನೀವಾದರೂ ಹೇಳಿರಿ, ನಾನು ಬರೆದುಕೊಳ್ಳುತ್ತೇನೆ. ಹೆಂಚಿನ ಕಡೆ ನೋಡಬೇಡಿರಿ, ಅಲ್ಲಿ ಬರೆದಿಲ್ಲ. ಕಮಿಟಿಯವರೇ? ಹಿರಿಯರೇ? ಇಷ್ಟು ಜನ ಗಂಡಸರಿದ್ದೇವೆ, ಒಬ್ಬರಿಗೂ ಹೊಳೆಯುವುದಿಲ್ಲವೇ? ಎಡಗಡೆ ಅಕ್ಕೋರು ಕುಳಿತಿದ್ದಾರೆ. ಅವರ ಪಕ್ಕದಲ್ಲಿ ನಮ್ಮ ಮನೆಯವರು, ತಲೆ ತಗ್ಗಿಸಿ. ಇಬ್ಬರೂ ಕಾಯುತ್ತಿದ್ದಾರೆ. ನನ್ನ ಕಸುಬಿನಲ್ಲಿ ಮೊದಲ ಸಲ ನನಗೆ ನಾಚಿಕೆಯಾಗುತ್ತಿದೆ.

ಅಮೀನ ಸಾಹೇಬರೇ, ಬರೆದುಕೊಳ್ಳಿರಿ. ವಕೀಲ ಕರಿಬಸಪ್ಪ ತುಂಬಿದ ಸಭೆಯಲ್ಲಿ ಹುಡುಕಿದ, ಗುನ್ಹೆ ಸಿಗಲಿಲ್ಲ. ಗ್ರೀಕ್ ದೇಶದವಳ ಮೇಲೂ ಸಿಗಲಿಲ್ಲ, ತಾವರಗೇರಾದವಳ ಮೇಲೂ ಸಿಗಲಿಲ್ಲ. ಮುಕದ್ದಮೆ ಖಾರಿಜು, ಅಂದರೆ ವಜಾ. ಸೋಮವಾರದಿಂದ ಶಿವಬಸಮ್ಮ ಅಕ್ಕೋರು ಸಾಲೆ ತೆಗೆಯುತ್ತಾರೆ. ಗಂಟೆಗೆ ಕೊಡತಿ ಅದೇ ಇರಲಿ, ಕೈಗೆ ರೂಢಿಯಾಗಿದೆ. ಹಂಪಣ್ಣನವರಿಗೆ ಹೆಂಚು ನೋಡುವ ಕೆಲಸದಿಂದ ಬಿಡುವು ಕೊಡಲಾಗಿದೆ.

ಸಾಹುಕಾರರೇ, ಎದ್ದಿರಾ? ಎದ್ದಮೇಲೆ ಹೆಂಚು ಇಳಿಸಲು ಆಳು ಕಳಿಸಿರಿ, ನಿಚ್ಚಣಿಕೆ ಸಾಲೆಯದೇ ಇದೆ. ಹುಲಿಗೆಪ್ಪನ ಪರದೆಯನ್ನು ಮೇಲೆ ಕಟ್ಟಿಕೊಂಡು ಕೂಡುತ್ತೇವೆ. ಮತ್ತು ಒಂದು ಮಾತು ಸ್ಪಷ್ಟಪಡಿಸುತ್ತೇನೆ: ನಾನು ಮೊದಲು ತಪ್ಪು ಮಾಡಿದ್ದೆನೆಂದು ಯಾರೂ ತಿಳಿಯಬಾರದು. ಮೊದಲಿನಿಂದಲೂ ನನ್ನ ಅಭಿಪ್ರಾಯ ಇದೇ ಇತ್ತು, ಹೇಳಲು ಸಭೆ ಸಿಕ್ಕಿರಲಿಲ್ಲ.

ಹುಡುಗಿಯರು ಕುದುರೆ, ಕುದುರೆ ಅನ್ನುತ್ತಿದ್ದಾರೆ. ತಲೆ ಕಡಿಯದಿದ್ದರೆ ರೆಕ್ಕೆಯ ಕುದುರೆ ಹೇಗೆ ಹುಟ್ಟಬೇಕು ಎಂಬ ಚಿಂತೆ ನನಗೂ ಇತ್ತು. ನಿನ್ನೆ ಸಣ್ಣವ್ವನನ್ನು ಕೇಳಿದ್ದೆ. "ಕುದುರಿ ಹಾರಾಕ ರಕ್ತ ಯಾಕ ಬೇಕ್ರಿ? ರೆಕ್ಕಿ ಅದಾವಲ್ಲ" ಅಂದಳು. ಆದ್ದರಿಂದ ಕುದುರೆ ಹಾರುತ್ತದೆ. ಹುಲಿಗೆಪ್ಪಾ, ಕತ್ತಿ ಕೆಳಗಿಡು. ಸಮುದ್ರದ ದೇವರನ್ನು ಹೊರಗೆ ತಾ, ಊರು ಒಮ್ಮೆ ನೋಡಲಿ. ಅಧ್ಯಕ್ಷರು ಹೊರಟುಹೋದ ಕಾರಣ, ಶಾಲನ್ನು ಶಿವಬಸಮ್ಮ ಅಕ್ಕೋರು ಬಂದು ಹೊದೆಸಬೇಕೆಂದು ಕೇಳಿಕೊಳ್ಳುತ್ತೇನೆ. ದೀಪಕ್ಕೆ ಔಡಲೆಣ್ಣೆ ಕೊಟ್ಟವರಿಗೆ, ಅಪ್ಪಣೆ ಕೊಟ್ಟ ಅಮೀನರಿಗೆ, ಹೋದ ವಾರ ಎದ್ದು ನಿಂತ ಎಲ್ಲ ತಾಯಂದಿರಿಗೆ, ಎಲ್ಲರಿಗಿಂತ ಮೊದಲು ಎದ್ದ ವಿರೂಪಾಕ್ಷಮ್ಮನಿಗೆ, ಹೌದು, ಹೆಸರು ಹೇಳಿದೆ, ನನ್ನ ಉಪಕಾರ ಸ್ಮರಣೆ.

ವಿರೂಪಾಕ್ಷಮ್ಮ ತಲೆ ಎತ್ತಿದ್ದಾಳೆ. ನನ್ನ ಕಡೆಗೇ ನೋಡುತ್ತಿದ್ದಾಳೆ.

ಸಣ್ಣವ್ವಾ, ಭಾಷಣ ಮುಗಿಯಿತು. ಆ ಕರಿ ಕೋಟಿನ ಗೊಂಬೆಯನ್ನು ಯಾವ ಗಂಟಿಗೆ ಕಟ್ಟುತ್ತೀಯೋ ಕಟ್ಟು. ಎಲ್ಲರಿಗೂ ನಮಸ್ಕಾರ.